ಎಕ್ಸ್-ರೇ ಕೋಣೆಗೂ ಮೂರು ಪಾಳಿ ಬೇಕು

ಗಿರಣಿಯ ಯಂತ್ರಕ್ಕೆ ಮೂರು ಪಾಳಿ ಉಂಟು. ರಾತ್ರಿ ಸೈರನ್ನು ಕೂಗಿದರೆ ಒಂದು ಪಾಳಿಯವರು ಹೊರಗೆ ಬರುತ್ತಾರೆ, ಇನ್ನೊಂದು ಪಾಳಿಯವರು ಒಳಗೆ ಹೋಗುತ್ತಾರೆ, ಯಂತ್ರ ನಿಲ್ಲುವುದಿಲ್ಲ. ಎಳೆ ತುಂಡಾದರೆ ಸೇರಿಸಲು ನಡುರಾತ್ರಿಯಲ್ಲೂ ಒಂದು ಕೈ ಇರಲೇಬೇಕೆಂಬುದನ್ನು ಮಾಲೀಕ ಚೆನ್ನಾಗಿ ಬಲ್ಲ. ನೂಲಿಗೆ ದೊರೆತ ಈ ಮರ್ಯಾದೆ ಮನುಷ್ಯನ ಉಸಿರಿಗೆ ದೊರೆತಿಲ್ಲ. ಪ್ರಾಣ ತೂಗಾಡುವ ರೋಗಿಗಳನ್ನು ಮಲಗಿಸುವ ಆಸ್ಪತ್ರೆಯಲ್ಲಿ ಎಕ್ಸ್-ರೇ ಕೋಣೆಗೆ ಒಂದೇ ಪಾಳಿ, ಸಂಜೆಗೆ ಬೀಗ! ಇದನ್ನು ನಾವು ಕಣ್ಣಾರೆ ಕಂಡು ಬಂದಿದ್ದೇವೆ. ಆದುದರಿಂದಲೇ ಈ ನಾಲ್ಕು ಮಾತು.

ಕೆಲವು ತಿಂಗಳ ಹಿಂದಿನ ಮಾತು. ನೂಲುವ ಖಾತೆಯ ನಮ್ಮ ಸಂಗಾತಿಯೊಬ್ಬರಿಗೆ ಕಾಲಿನ ಗಾಯ ಕೀವಾಗಿ, ನಂಜು ಮೈಗೆಲ್ಲ ಏರಿತು. ಆಸ್ಪತ್ರೆಗೆ ಒಯ್ದಾಗ ರಕ್ತದೊತ್ತಡ ಕುಸಿದಿತ್ತು. ಐ.ಸಿ.ಯು.ಗೆ ಸೇರಿಸಿಕೊಂಡರು. ಕೈಯ ನರ ಸಿಗುತ್ತಿಲ್ಲ, ಕೊಡಬೇಕಾದ ಔಷಧಿಯೂ ಖಾರವಾದದ್ದು, ಆದುದರಿಂದ ದೊಡ್ಡ ನಾಳಕ್ಕೇ ಲೈನು ಹಾಕಬೇಕು ಎಂದು ರಾತ್ರಿ ಪಾಳಿಯ ಯುವಕ ಡಾಕ್ಟರು ಹೇಳಿ ಸಹಿ ಪಡೆದರು. ಕೊರಳ ಬುಡದ ಅಡ್ಡೆಲುಬಿನ ಕೆಳಗೆ ಬಲಗಡೆಯಿಂದ ನಳಿಕೆ ಹಾಕಿದರು. ಹಾಕಿದ ಮೇಲೆ ಎದೆಯ ಎಕ್ಸ್-ರೇ ಆಗಬೇಕು. ಚಕ್ರದ ಮೇಲೆ ತಳ್ಳಿಕೊಂಡು ಬರುವ ಯಂತ್ರ ಅದೇ ಪಡಸಾಲೆಯ ಮೂಲೆಯಲ್ಲಿ ಬಟ್ಟೆ ಹೊದ್ದು ನಿಂತಿತ್ತು. ಆದರೆ ಅದನ್ನು ನಡೆಸುವವರಿಲ್ಲ. ಇಡೀ ಆಸ್ಪತ್ರೆಗೆ ಇದ್ದ ಒಬ್ಬ ಟೆಕ್ನೀಷಿಯನ್ ಹಗಲಿನ ಕೆಲಸ ಮುಗಿಸಿ ಊರಿಗೆ ಹೋಗಿದ್ದರು. ಇನ್ನೊಂದು ಹುದ್ದೆ ಖಾಲಿ.

ಡಾಕ್ಟರು ಕಾಯುವಂತಿರಲಿಲ್ಲ. ಒತ್ತಡ ಕುಸಿಯುತ್ತಿರುವ ರೋಗಿಗೆ ಪಟ ಬರಲೆಂದು ಔಷಧಿ ತಡೆಹಿಡಿದರೆ ಪ್ರಾಣವೇ ಹೋಗಬಹುದು. ನಳಿಕೆಯಿಂದ ಸರಾಗವಾಗಿ ಬಂದ ಕಪ್ಪುಗೆಂಪು ರಕ್ತವನ್ನು ನೋಡಿ, ತಮ್ಮ ತಿಳಿವಳಿಕೆಯ ಮೇಲೆ ಭಾರ ಹಾಕಿ ಔಷಧಿ ಹರಿಸಿದರು. ಅವರು ಮಾಡಿದ್ದು ಸರಿಯೇ. ಆದರೆ ಬೆಳಗಿನ ಜಾವಕ್ಕೆ ಸಂಗಾತಿಯ ಉಸಿರಾಟ ಬಿಗಿಯತೊಡಗಿತು. ಅವರ ಮನೆಯಾಕೆ ಬಾಗಿಲಲ್ಲಿ ನಿಂತು, “ಮೇಷ್ಟ್ರೇ, ಫೋಟೋ ತೆಗೆಯೋರು ಎಷ್ಟೊತ್ತಿಗೆ ಬರ್ತಾರಂತೆ?” ಎಂದು ಕೇಳಿದ್ದು ನಾಲ್ಕು ಸಲವೋ ಐದು ಸಲವೋ. ಬೆಳಿಗ್ಗೆ ಒಂಬತ್ತಕ್ಕೆ ಟೆಕ್ನೀಷಿಯನ್ ಬಂದರು. ಐದು ನಿಮಿಷದಲ್ಲಿ ಪಟವೂ ಬಂತು. ಹೃದಯದ ಕಡೆಗೆ ಇಳಿಯಬೇಕಾದ ನಳಿಕೆ ಕತ್ತಿನ ಕಡೆಗೆ ಮೇಲೇರಿ ಕುಳಿತಿತ್ತು. ಬಲ ಶ್ವಾಸಕೋಶದ ಹೊರಗೆ ಗಾಳಿ ಸೇರಿತ್ತು. ಎದೆಗೆ ಕೊಳವೆ ಇಳಿಸಿ ಗಾಳಿ ತೆಗೆದರು, ಲೈನನ್ನು ಬೇರೆ ಕಡೆ ಹಾಕಿದರು. ಸಂಗಾತಿ ಬದುಕಿದರು. ಆದರೆ ಐದು ನಿಮಿಷದ ಕೆಲಸಕ್ಕಾಗಿ ಹತ್ತು ಗಂಟೆ ಕಾದ ಆ ರಾತ್ರಿಯನ್ನು ನಾವು ಮರೆಯಲಾರೆವು.

ಈ ಪಟ ಏಕೆ ಬೇಕು?

ಈ ಲೈನಿನ ವಿಷಯವನ್ನು ನಮ್ಮ ಓದುಗರು ತಿಳಿದಿರಬೇಕು. ಇಂದು ಯಾರ ಮನೆಯವರಿಗೂ ಇದು ಬೀಳಬಹುದು. ನಂಜೇರಿದವರಿಗೆ, ದೊಡ್ಡ ಶಸ್ತ್ರಚಿಕಿತ್ಸೆಯಾದವರಿಗೆ, ಮೂತ್ರಪಿಂಡ ಕೆಟ್ಟು ತುರ್ತಾಗಿ ಡಯಾಲಿಸಿಸ್ ಬೇಕಾದವರಿಗೆ ಇದನ್ನು ಹಾಕುತ್ತಾರೆ. ಕೈಯ ಸಣ್ಣ ನಾಳಕ್ಕೆ ಬಿಟ್ಟರೆ ಸುಟ್ಟು ಹೋಗುವಂಥ ಔಷಧಿಗಳು ಕೆಲವಿವೆ. ಅವನ್ನು ಹೃದಯದ ಬಳಿ, ರಕ್ತ ಹೊಳೆಯಂತೆ ಹರಿಯುವ ದೊಡ್ಡ ಅಭಿಧಮನಿಗೆ ಬಿಡಬೇಕು. ಸೂಜಿ ಚುಚ್ಚಿ, ಅದರೊಳಗಿಂದ ಮೆತ್ತನೆಯ ತಂತಿಯೊಂದನ್ನು ನುಗ್ಗಿಸಿ, ಸೂಜಿ ತೆಗೆದು, ತಂತಿಯ ಮೇಲೆಯೇ ನಳಿಕೆಯನ್ನು ಜಾರಿಸಿ, ಕೊನೆಗೆ ತಂತಿಯನ್ನು ಎಳೆದುಕೊಳ್ಳುತ್ತಾರೆ. ಈ ತಂತಿಯ ಉಪಾಯವನ್ನು 1953ರಲ್ಲಿ ತೋರಿಸಿಕೊಟ್ಟವನು ಸ್ವೀಡನ್ನಿನ ಸೆಲ್ಡಿಂಗರ್. ಅವನು ಎಕ್ಸ್-ರೇ ವಿಭಾಗದ ವೈದ್ಯನೇ ಆಗಿದ್ದ.

ಬಲಗಡೆಯ ಕತ್ತಿನಿಂದ ಹಾಕಿದರೆ ವಯಸ್ಕರಲ್ಲಿ ಸುಮಾರು 15 ಸೆಂಟಿಮೀಟರು ಒಳಗೆ ಹೋಗುತ್ತದೆ. ಹೊರಗಿನಿಂದ ಅದರ ತುದಿ ಎಲ್ಲಿ ನಿಂತಿತೆಂದು ಯಾವ ಕಣ್ಣಿಗೂ ಕಾಣದು. ಹೃದಯದ ಮೇಲಿನ ದೊಡ್ಡ ನಾಳದ ಕೆಳಭಾಗದಲ್ಲಿ, ಹೃದಯದ ಬಾಗಿಲ ಹತ್ತಿರ ಅದು ನಿಲ್ಲಬೇಕು. ಪಟದಲ್ಲಿ ಉಸಿರುನಾಳ ಎರಡಾಗಿ ಕವಲೊಡೆಯುವ ಜಾಗವೊಂದು ಕಾಣುತ್ತದೆ. ನೋಡಬಲ್ಲವರು ಅದನ್ನೇ ಮೈಲಿಗಲ್ಲಾಗಿ ಇಟ್ಟುಕೊಂಡು, ತುದಿ ಸರಿಯಾದ ಜಾಗದಲ್ಲಿದೆಯೇ ಎಂದು ಅಳೆಯುತ್ತಾರೆ. ತುದಿ ಮೇಲಕ್ಕೆ ಕತ್ತಿಗೆ ಹೋಗಿರಬಹುದು, ಎದುರುಗಡೆಯ ತೋಳಿನತ್ತ ಹೊರಳಿರಬಹುದು. ತೀರ ಆಳಕ್ಕಿಳಿದು ಹೃದಯದೊಳಗೇ ತಾಗಿ ಬಡಿತ ತಪ್ಪಿಸಬಹುದು. ಅಪರೂಪಕ್ಕೆ ಹೃದಯದ ಗೋಡೆ ತೂತಾಗಿ ಸಾವು ಬಂದದ್ದೂ ಉಂಟು. ಒಳಗೆ ಬಿಟ್ಟ ತಂತಿಯನ್ನು ಎಳೆದುಕೊಳ್ಳಲು ಮರೆತ ಪ್ರಸಂಗಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಇವೆಲ್ಲವೂ ಪಟದಲ್ಲಿ ಕಾಣುತ್ತವೆ, ನೋಡುವ ಕಣ್ಣಿದ್ದರೆ.

ಎರಡನೆಯದು ಗಾಳಿಯ ಅಪಾಯ. ಸೂಜಿ ಶ್ವಾಸಕೋಶಕ್ಕೆ ತಾಗಿದರೆ ಗಾಳಿ ಸೋರಿ ಎದೆಗೂಡಿನಲ್ಲಿ ಸೇರಿ ಶ್ವಾಸಕೋಶವನ್ನು ಅದುಮುತ್ತದೆ. 2015ರಲ್ಲಿ ಪ್ರಕಟವಾದ ಫ್ರಾನ್ಸಿನ ಒಂದು ದೊಡ್ಡ ಅಧ್ಯಯನದಲ್ಲಿ ಅಡ್ಡೆಲುಬಿನ ಕೆಳಗಿನ ನಾಳಕ್ಕೆ ಹಾಕಿದ ಸಾವಿರ ಲೈನುಗಳಿಗೆ ಸುಮಾರು 15ರಂತೆ, ಕತ್ತಿನ ನಾಳಕ್ಕೆ ಹಾಕಿದ ಸಾವಿರಕ್ಕೆ ಸುಮಾರು 5ರಂತೆ, ಎದೆಗೆ ಕೊಳವೆ ಇಳಿಸಬೇಕಾಗುವಷ್ಟು ಗಾಳಿ ಸೇರಿತ್ತು. ನಿಪುಣರ ಕೈಯಲ್ಲೂ ಇದು ನಡೆಯುತ್ತದೆ. ಹಾಗೆಂದು ಅಡ್ಡೆಲುಬಿನ ಕೆಳಗೆ ಹಾಕಿದ ಡಾಕ್ಟರನ್ನು ದೂರಬೇಡಿ. ಅಲ್ಲಿ ಹಾಕಿದ ಲೈನಿಗೆ ನಂಜು ಮತ್ತು ರಕ್ತ ಹೆಪ್ಪುಗಟ್ಟುವ ಕಾಟ ಕಡಿಮೆಯೆಂದು ಅದೇ ಅಧ್ಯಯನ ತೋರಿಸಿದೆ. ಅಪಾಯ ಆಗಬಹುದು, ಆದದ್ದು ಹೊತ್ತಿಗೆ ಸರಿಯಾಗಿ ತಿಳಿಯಬೇಕು. ಪಟ ಇರುವುದು ಅದಕ್ಕೇ.

ಒಂದು ಹಳೆಯ ಕಥೆ

ಎದೆಯ ಪಟಕ್ಕೂ ಈ ನಳಿಕೆಗೂ ಇರುವ ನಂಟು ಇಂದಿನದಲ್ಲ. 1929ರಲ್ಲಿ ಬರ್ಲಿನ್ನಿನ ಹತ್ತಿರದ ಎಬರ್ಸ್‌ವಾಲ್ಡೆ ಎಂಬ ಸಣ್ಣ ಊರಿನ ಆಸ್ಪತ್ರೆಯಲ್ಲಿ ವರ್ನರ್ ಫೋರ್ಸ್‌ಮನ್ ಎಂಬ ಯುವಕ ವೈದ್ಯನಿದ್ದ. ತೋಳಿನ ನಾಳದಿಂದ ನಳಿಕೆ ನುಗ್ಗಿಸಿ ಹೃದಯವನ್ನು ಮುಟ್ಟಬಹುದೆಂದು ಅವನ ತರ್ಕ. ಮೇಲಧಿಕಾರಿ ಬೇಡವೆಂದರು. ಉಪಕರಣಗಳ ಬೀಗದ ಕೈ ಇದ್ದದ್ದು ಗೆರ್ಡಾ ಡಿಟ್ಸನ್ ಎಂಬ ದಾದಿಯ ಬಳಿ. ಆಕೆ ಪ್ರಯೋಗಕ್ಕೆ ತನ್ನ ಮೈಯನ್ನೇ ಒಡ್ಡಲು ಸಿದ್ಧಳಾದಳು. ಅವನು ಆಕೆಯನ್ನು ಮೇಜಿಗೆ ಕಟ್ಟಿ ಮಲಗಿಸಿ, ಗುಟ್ಟಾಗಿ ತನ್ನ ಎಡತೋಳನ್ನೇ ಕೊಯ್ದುಕೊಂಡು 65 ಸೆಂಟಿಮೀಟರು ಉದ್ದದ ನಳಿಕೆಯನ್ನು ಒಳಕ್ಕೆ ತಳ್ಳಿಕೊಂಡ. ಆಮೇಲೆ ಮಾಡಿದ್ದೇನು? ನಳಿಕೆ ಮೈಯಲ್ಲಿರುವಂತೆಯೇ ಮೆಟ್ಟಿಲಿಳಿದು ಎಕ್ಸ್-ರೇ ಕೋಣೆಗೆ ನಡೆದ! ಪಟ ತೆಗೆಸಿದಾಗ ತುದಿ ಹೃದಯದ ಬಲಗೂಡಿನಲ್ಲಿ ಕಂಡಿತು.

ದೊಡ್ಡ ಆಸ್ಪತ್ರೆಯವರು ಅವನಿಗೆ ಜಾಗ ಕೊಡಲಿಲ್ಲ. 1956ರಲ್ಲಿ ಅಮೆರಿಕದ ಕೂರ್ನಾಂಡ್ ಮತ್ತು ರಿಚರ್ಡ್ಸ್ ಜೊತೆಗೆ ಅವನಿಗೂ ನೊಬೆಲ್ ಬಹುಮಾನ ಬಂತು. ಅವನನ್ನು ನಾವು ಪೂಜಿಸಬೇಕಾಗಿಲ್ಲ; 1932ರಲ್ಲಿ ನಾಜಿ ಪಕ್ಷ ಸೇರಿದ ಕಳಂಕ ಅವನ ಮೇಲಿದೆ. ಆದರೂ ಅವನ ಆ ನಡಿಗೆಯ ಪಾಠ ದೊಡ್ಡದು. ನಳಿಕೆ ಹಾಕಿದರೆ ಮುಗಿಯಲಿಲ್ಲ, ತುದಿ ಎಲ್ಲಿದೆಯೆಂದು ಕಣ್ಣಾರೆ ಕಾಣಬೇಕೆಂಬುದನ್ನು ಆತ ಮೊದಲ ದಿನವೇ ಬಲ್ಲವನಾಗಿದ್ದ. ಅಂದು ಅವನು ಎದೆಯಲ್ಲಿ ನಳಿಕೆ ಹೊತ್ತು ಯಂತ್ರದ ಬಳಿಗೆ ನಡೆದ. ಇಂದು ಯಂತ್ರವೇ ಚಕ್ರದ ಮೇಲೆ ರೋಗಿಯ ಬಳಿಗೆ ಬರುವಂತಿದೆ, ತಳ್ಳುವ ಕೈಗಳಿಲ್ಲ.

ಇನ್ನೊಂದು ಮಾತನ್ನೂ ನೆನೆಯೋಣ. ಈ ಕಿರಣವನ್ನು 1895ರಲ್ಲಿ ಕಂಡುಹಿಡಿದ ರಾಂಟ್ಜೆನ್ ಅದಕ್ಕೆ ಪೇಟೆಂಟು ಮಾಡಿಸಲಿಲ್ಲ. ತಾನು ಕಂಡದ್ದು ಜಗತ್ತಿನ ಸೊತ್ತಾಗಲಿ ಎಂದು ಬಿಟ್ಟುಕೊಟ್ಟ. 1901ರಲ್ಲಿ ಭೌತವಿಜ್ಞಾನದ ಮೊತ್ತಮೊದಲ ನೊಬೆಲ್ ಬಹುಮಾನ ಬಂದಾಗ ಆ ಹಣವನ್ನೂ ವಿಶ್ವವಿದ್ಯಾಲಯಕ್ಕೆ ಕೊಟ್ಟ. ಜಗತ್ತಿಗೇ ಬಿಟ್ಟುಕೊಟ್ಟ ಆ ಬೆಳಕು ನಮ್ಮ ಸಂಗಾತಿಯ ಪಾಲಿಗೆ ರಾತ್ರಿಯೆಲ್ಲ ಬೀಗದೊಳಗಿತ್ತು.

ಒಂದು ಕಡೆ ಬರ, ಇನ್ನೊಂದು ಕಡೆ ಬಿಲ್ಲು

ಖಾಸಗಿ ಆಸ್ಪತ್ರೆಯಲ್ಲಿ ಹೀಗಾಗುವುದಿಲ್ಲ, ದುಡ್ಡು ಹೋದರೂ ಕೆಲಸವಾಗುತ್ತದೆ ಎಂದು ವ್ಯಾಪಾರಸ್ಥ ಮಿತ್ರರು ಹೇಳಬಹುದು. ಅವರಿಗಾಗಿ ಇನ್ನೊಂದು ಪ್ರಸಂಗ. ನಮ್ಮ ಪೇಟೆಯ ಸಣ್ಣ ಅಂಗಡಿಯವರೊಬ್ಬರು ಒಂದು ನರ್ಸಿಂಗ್ ಹೋಮಿನಲ್ಲಿ ಒಂಬತ್ತು ದಿನ ಐ.ಸಿ.ಯು.ದಲ್ಲಿದ್ದರು. ಅವರ ಮಗ ಬಿಲ್ಲನ್ನು ತಂದು ನಮ್ಮ ಕಚೇರಿಯ ಮೇಜಿನ ಮೇಲೆ ಹರಡಿದ. ಎಣಿಸಿದೆವು: ಎದೆಯ ಪಟ ಹನ್ನೊಂದು. ಯಂತ್ರವನ್ನು ಹಾಸಿಗೆಯ ಬಳಿಗೆ ತಂದದ್ದಕ್ಕೆ ಪ್ರತಿ ಸಲವೂ ಬೇರೆ ಶುಲ್ಕ. ಬರವಣಿಗೆಯ ವರದಿ ಇದ್ದದ್ದು ಎರಡು ಪಟಕ್ಕೆ ಮಾತ್ರ. ಉಳಿದ ಒಂಬತ್ತನ್ನು ಯಾರು ನೋಡಿದರು, ಏನು ಕಂಡರು ಎಂಬುದಕ್ಕೆ ಒಂದು ಸಾಲೂ ಇಲ್ಲ.

ದಿನಕ್ಕೊಂದು ಪಟ ಬೇಕೇ? ಫ್ರಾನ್ಸಿನ 21 ಐ.ಸಿ.ಯು.ಗಳಲ್ಲಿ ಇದನ್ನೇ ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಯಂತ್ರದಿಂದ ಉಸಿರಾಡುತ್ತಿದ್ದ ರೋಗಿಗಳಿಗೆ ದಿನವೂ ಕಣ್ಣು ಮುಚ್ಚಿ ತೆಗೆಯುವ ಬದಲು ಕಾರಣವಿದ್ದಾಗ ಮಾತ್ರ ತೆಗೆದಾಗ, ಪಟಗಳ ಸಂಖ್ಯೆ ನೂರಕ್ಕೆ 32ರಷ್ಟು ಇಳಿಯಿತು. ರೋಗಿಗಳಿಗೆ ಅದರಿಂದ ಕೆಡುಕಾಗಲಿಲ್ಲ. ಹೊಸದಾಗಿ ಲೈನು ಹಾಕಿದ್ದು, ಉಸಿರು ಬಿಗಿದದ್ದು, ಇವು ಕಾರಣ. ಬಿಲ್ಲಿನ ಪುಟ ತುಂಬುವುದು ಕಾರಣವಲ್ಲ.

ಈ ಎರಡು ಪ್ರಸಂಗಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಬೇಕೇ ಬೇಕಾದ ಒಂದು ಪಟ ಬಡವನಿಗೆ ಹತ್ತು ಗಂಟೆ ಸಿಗಲಿಲ್ಲ. ಬೇಡದ ಪಟಗಳು ಅಂಗಡಿಯವನ ತಲೆಗೆ ಕಟ್ಟಲ್ಪಟ್ಟವು. ಇವು ಎರಡು ಬೇರೆ ರೋಗಗಳಲ್ಲ, ಒಂದೇ ರೋಗದ ಎರಡು ಮುಖ. ಸರ್ಕಾರ ಕೈಬಿಟ್ಟ ಜಾಗದಲ್ಲಿ ವ್ಯಾಪಾರ ಬೆಳೆಯುತ್ತದೆ. ಆ ವ್ಯಾಪಾರ ರೋಗಿಯ ಅಗತ್ಯವನ್ನು ಅಳೆಯುವುದಿಲ್ಲ, ಜೇಬನ್ನು ಅಳೆಯುತ್ತದೆ. ಕಾರ್ಮಿಕನೂ ಸಣ್ಣ ವ್ಯಾಪಾರಿಯೂ ಒಂದೇ ಬಾಗಿಲಲ್ಲಿ ನಿಂತು ಕೇಳಬೇಕಾದ ಕಾರಣ ಇದು. ಗಿರಣಿಯವನಿಗೆ ಇ.ಎಸ್.ಐ. ಎಂಬ ಆಸರೆಯಾದರೂ ಉಂಟು. ಅಂಗಡಿಯವನಿಗೆ ಅದೂ ಇಲ್ಲ. ಸಾರ್ವಜನಿಕ ಆಸ್ಪತ್ರೆ ಗಟ್ಟಿಯಾಗದೆ ಇಬ್ಬರಿಗೂ ಗತಿಯಿಲ್ಲ.

ಎದುರು ಮಾತುಗಳು

“ಗುಂಡಿ ಒತ್ತುವುದಕ್ಕೆ ಟೆಕ್ನೀಷಿಯನ್ನೇ ಬೇಕೇ, ವಾರ್ಡಿನ ಹುಡುಗ ಸಾಲದೇ?” ಎಂದು ನಮ್ಮೊಂದಿಗೆ ಮಾತನಾಡಿದ ಪುಢಾರಿಯೊಬ್ಬರು ಕೇಳಿದರು. ಸಾಲದು. ಮಲಗಿದ ರೋಗಿಯ ಎದೆಯಲ್ಲಿ ಸೇರಿದ ಗಾಳಿ ಮುಂಭಾಗಕ್ಕೆ ಬಂದು ನಿಲ್ಲುತ್ತದೆ. ಪಟ ಕೆಟ್ಟದಾಗಿ ತೆಗೆದರೆ ಅದು ಕಾಣುವುದೇ ಇಲ್ಲ. ಸಾಧ್ಯವಾದಾಗ ರೋಗಿಯನ್ನು ಒರಗಿಸಿ ಕೂರಿಸಬೇಕು, ಮೈ ತಿರುಚದಂತೆ ನೋಡಿಕೊಳ್ಳಬೇಕು, ಪಕ್ಕದ ಹಾಸಿಗೆಯವರನ್ನೂ ದಾದಿಯರನ್ನೂ ಕಿರಣದಿಂದ ಕಾಪಾಡಬೇಕು. ಇದು ಕಲಿತ ಕೈಯ ಕೆಲಸ. ಎಕ್ಸ್-ರೇ ಯಂತ್ರವನ್ನು ತರಬೇತಾದವರೇ ನಡೆಸಬೇಕೆಂದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಕಟ್ಟಳೆಯೂ ಇದೆ.

“ಈಗ ಅಲ್ಟ್ರಾಸೌಂಡ್ ಬಂದಿದೆ, ಎಕ್ಸ್-ರೇ ಹಳೆಯದಾಯಿತು” ಎನ್ನುವವರೂ ಉಂಟು. ಅಲ್ಟ್ರಾಸೌಂಡ್ ಒಳ್ಳೆಯದೇ. ನಾಳವನ್ನು ಕಣ್ಣಿಂದ ನೋಡುತ್ತ ಸೂಜಿ ಹಾಕಿದರೆ ತಪ್ಪುಗಳು ಕಡಿಮೆಯಾಗುತ್ತವೆ. ಕಲಿತವರು ಅದರಿಂದಲೇ ಗಾಳಿಯನ್ನೂ ಹಾಸಿಗೆಯ ಬಳಿಯೇ ಬೇಗ ಪತ್ತೆಮಾಡುತ್ತಾರೆ. ಅದೂ ಬರಲಿ, ಡಾಕ್ಟರುಗಳಿಗೆ ಅದರಲ್ಲಿ ತರಬೇತಿಯೂ ಸಿಗಲಿ. ಆದರೆ ನಡೆಸುವವರನ್ನು ನೇಮಿಸದಿದ್ದರೆ ಅದೂ ಇನ್ನೊಂದು ಮೂಲೆಯಲ್ಲಿ ಬಟ್ಟೆ ಹೊದ್ದು ನಿಲ್ಲುತ್ತದೆ. ನಮ್ಮ ಜಗಳ ಯಂತ್ರ ಹಳೆಯದೋ ಹೊಸದೋ ಎಂಬುದರದ್ದಲ್ಲ, ಅದರ ಹಿಂದೆ ಮನುಷ್ಯನಿದ್ದಾನೋ ಇಲ್ಲವೋ ಎಂಬುದರದ್ದು.

ಕಿರಣದ ಭಯವೂ ಜನರಲ್ಲಿದೆ. ಎದೆಯ ಒಂದು ಪಟಕ್ಕೆ ತಗಲುವ ಕಿರಣ ಸುಮಾರು 0.02 ಮಿಲಿಸೀವರ್ಟ್. ಮಣ್ಣು, ಕಲ್ಲು, ಆಕಾಶಗಳಿಂದ ನಮಗೆಲ್ಲ ವರ್ಷಕ್ಕೆ ಸರಾಸರಿ 2.4ರಷ್ಟು ಹೇಗೂ ತಗಲುತ್ತಲೇ ಇರುತ್ತದೆ. ಎಂದರೆ ಒಂದು ಪಟ ಮೂರು ದಿನದ ಬದುಕಿಗೆ ಸಮ. ಬೇಕಾದ ಪಟಕ್ಕೆ ಹೆದರಬೇಡಿ. ಹಾಗೆಂದು ಬೇಡದ ಪಟಕ್ಕೆ ಒಪ್ಪಲೂಬೇಡಿ.

ಇನ್ನು ಹಣದ ಮಾತು. ಯಂತ್ರ ಕೊಳ್ಳಲು ಹಣ ಉಂಟು, ಸಂಬಳ ಕೊಡಲು ಇಲ್ಲ ಎಂಬುದು ನಮಗೆ ಅರ್ಥವಾಗದ ಲೆಕ್ಕ. ಅರ್ಥವಾಗುವ ಕಾರಣ ಒಂದೇ: ಯಂತ್ರ ಬಂದರೆ ಮಂತ್ರಿಗಳು ಟೇಪು ಕತ್ತರಿಸಬಹುದು, ಗೋಡೆಯ ಕಲ್ಲಿನಲ್ಲಿ ಹೆಸರು ಕೆತ್ತಿಸಬಹುದು. ರಾತ್ರಿ ಪಾಳಿಯ ಟೆಕ್ನೀಷಿಯನ್ ಬಂದರೆ ಯಾವ ಕಲ್ಲಿನಲ್ಲಿ ಏನು ಕೆತ್ತುವುದು?

ಓದದ ಪಟ ಪಟವಲ್ಲ

ಪಟ ತೆಗೆದರೆ ಸಾಲದು, ಓದಬೇಕು. ನಾವು ಶಾಲೆಯಲ್ಲಿದ್ದಾಗ ಮಕ್ಕಳ ಉತ್ತರ ಪತ್ರಿಕೆಗಳನ್ನು ಸಂಗ್ರಹಿಸಿ ಕಪಾಟಿನಲ್ಲಿಟ್ಟು ಪರೀಕ್ಷೆ ಮುಗಿಯಿತು ಎನ್ನುತ್ತಿರಲಿಲ್ಲ, ತಿದ್ದುತ್ತಿದ್ದೆವು. ಪಟ ಬಂದ ಮೇಲೆ ಒಬ್ಬ ಡಾಕ್ಟರು ಅದನ್ನು ನೋಡಿ, ತುದಿ ಎಲ್ಲಿದೆ, ಶ್ವಾಸಕೋಶ ನೆಟ್ಟಗಿದೆಯೇ, ತಂತಿ ಹೊರಗೆ ಬಂದಿದೆಯೇ, ಎಷ್ಟು ಗಂಟೆಗೆ ನೋಡಿದ್ದು ಎಂದು ಕೇಸ್ ಶೀಟಿನಲ್ಲಿ ಎರಡು ಸಾಲು ಬರೆದು ಸಹಿ ಹಾಕಬೇಕು. ಅಲ್ಲಿ ಅನುಭವಿ ಇಲ್ಲವಾದರೆ ಚಿಂತೆಯಿಲ್ಲ. ಇಂದು ಪಟ ಕ್ಷಣಾರ್ಧದಲ್ಲಿ ದೂರದ ತಜ್ಞರ ಕಣ್ಣಿಗೆ ಮುಟ್ಟುತ್ತದೆ. ಇಚ್ಛೆ ಬೇಕು, ಕಟ್ಟಳೆ ಬೇಕು.

ಆದುದರಿಂದ ನಮ್ಮ ಬೇಡಿಕೆ ಇಷ್ಟು. ಐ.ಸಿ.ಯು. ಇರುವ ಪ್ರತಿಯೊಂದು ಸರ್ಕಾರಿ ಮತ್ತು ಇ.ಎಸ್.ಐ. ಆಸ್ಪತ್ರೆಯಲ್ಲಿ ಎಕ್ಸ್-ರೇ ಟೆಕ್ನೀಷಿಯನ್ನರು ಮೂರು ಪಾಳಿಯಲ್ಲೂ ಇರಬೇಕು. ಖಾಲಿ ಹುದ್ದೆಗಳನ್ನು ಗುತ್ತಿಗೆಯಲ್ಲಲ್ಲ, ಕಾಯಂ ನೇಮಕದಿಂದ ತುಂಬಬೇಕು. ಅವರಿಗೆ ಸೀಸದ ಅಂಗಿಯೂ, ಮೈಗೆ ತಗಲಿದ ಕಿರಣವನ್ನು ಅಳೆಯುವ ಬ್ಯಾಡ್ಜೂ ತಪ್ಪದೆ ಸಿಗಬೇಕು. ಅವರೂ ನಮ್ಮ ಹಾಗೆ ದುಡಿಯುವವರೇ. ಎದೆಯ ಕಡೆ ಲೈನು ಹಾಕಿದರೆ ತಡಮಾಡದೆ ಪಟ ತೆಗೆದು, ಬರವಣಿಗೆಯಲ್ಲಿ ಫಲ ದಾಖಲಿಸಬೇಕು. ಖಾಸಗಿಯವರು ಪ್ರತಿ ಪಟಕ್ಕೂ ಕಾರಣವನ್ನೂ ವರದಿಯನ್ನೂ ಬಿಲ್ಲಿನೊಂದಿಗೆ ಕೊಡಬೇಕು.

ಓದುಗರಿಗೂ ಒಂದು ಮಾತು. ನಿಮ್ಮವರಿಗೆ ಲೈನು ಹಾಕಿದರೆ ಹೆದರದೆ ಮೂರು ಪ್ರಶ್ನೆ ಕೇಳಿ: ಪಟ ತೆಗೆದಿರಾ? ನೋಡಿದವರು ಯಾರು? ಏನು ಕಂಡಿತು? ತೊಡೆಯ ಸಂದಿನಲ್ಲಿ ಹಾಕಿದ ಲೈನಿಗೆ ಎದೆಯ ಪಟ ಉಪಯೋಗವಿಲ್ಲ, ಅದಕ್ಕೆ ಒತ್ತಾಯ ಬೇಡ. ಮೊದಲ ಪಟ ಸರಿಯಿದ್ದರೂ ಗಾಳಿ ತಡವಾಗಿ ಸೇರಬಹುದು. ಆಮೇಲೆ ಉಸಿರು ಬಿಗಿದರೆ ತಕ್ಷಣ ದಾದಿಗೆ ತಿಳಿಸಿ. ಕೇಳಿದ 72 ಗಂಟೆಯೊಳಗೆ ರೋಗಿಗೆ ದಾಖಲೆ ಒದಗಿಸಬೇಕೆಂದು 2002ರ ವೈದ್ಯರ ನಡತೆಯ ನಿಯಮಗಳು ಹೇಳುತ್ತವೆ, ಬರೆದು ಕೇಳಿ. ಆದರೆ ಕೈ ಮಾಡಬೇಡಿ, ಬಾಯಿ ಕೆಡಿಸಿಕೊಳ್ಳಬೇಡಿ. ರಾತ್ರಿಯೆಲ್ಲ ಒಬ್ಬರೇ ನಿಂತು ದುಡಿದ ಆ ಯುವಕ ಡಾಕ್ಟರು ನಮ್ಮ ಶತ್ರುವಲ್ಲ. ಅವರ ಪಕ್ಕದಲ್ಲಿ ಇರಬೇಕಾಗಿದ್ದವರನ್ನು ನೇಮಿಸದೆ ಮಲಗಿದವರು ಬೇರೆ ಇದ್ದಾರೆ.

ನಮ್ಮ ಸಂಗಾತಿ ಈಗ ಮತ್ತೆ ಪಾಳಿಗೆ ಬರುತ್ತಿದ್ದಾರೆ. ಎದೆಯ ಪಕ್ಕದಲ್ಲಿ ಕೊಳವೆ ಇಳಿಸಿದ ಗಾಯದ ಗುರುತು ಉಳಿದಿದೆ. ರಾತ್ರಿ ಪಾಳಿಯಲ್ಲಿ ಯಂತ್ರಗಳ ನಡುವೆ ನಡೆದಾಡುತ್ತ, “ಮೇಷ್ಟ್ರೇ, ಈ ನೂಲನ್ನು ನೋಡಿಕೊಳ್ಳೋಕೆ ರಾತ್ರಿಯೆಲ್ಲ ನಾವಿದ್ದೀವಿ. ಆವತ್ತು ನನ್ನನ್ನು ನೋಡಿಕೊಳ್ಳೋಕೆ ಯಾರೂ ಇರಲಿಲ್ಲ” ಎಂದರು. ಈ ಮಾತಿಗೆ ಉತ್ತರ ಕೊಡಬೇಕಾದವರು ನಾವಲ್ಲ. ಆದರೆ ಉತ್ತರ ಸಿಗುವವರೆಗೆ ಕೇಳುತ್ತಲೇ ಇರುವ ಹೊಣೆ ನಮ್ಮದು, ನಿಮ್ಮದು. ಸಂಘದ ಸಭೆಯಲ್ಲಿ, ವರ್ತಕರ ಸಭೆಯಲ್ಲಿ, ಆಸ್ಪತ್ರೆಯ ಸಮಿತಿಯ ಮುಂದೆ, ಓಟು ಕೇಳಲು ಬಂದವರ ಮುಂದೆ ಈ ಒಂದೇ ಪ್ರಶ್ನೆಯನ್ನಿಡಿ: ಗಿರಣಿಗೆ ಮೂರು ಪಾಳಿಯಾದರೆ, ಎಕ್ಸ್-ರೇ ಕೋಣೆಗೆ ಏಕಿಲ್ಲ?